ಇಪ್ಪತ್ತು ನಿಮಿಷ

ಮಷೀನು ದುರಸ್ತಿಗೆ ಊರಿಗೆಲ್ಲ ಒಂದೇ ಕಂಪನಿ ಇದ್ದಾಗ ಕಾರ್ಖಾನೆಯಲ್ಲಿ ವಿರುಪಣ್ಣ ನಡೆಸುವ ಲೇತ್ ಯಂತ್ರ ಕೆಟ್ಟರೆ ನಾಲ್ಕು ದಿನ ನಿಂತೇ ಇರುತ್ತಿತ್ತು. ಮೆಕ್ಯಾನಿಕ್ ಮೌಲಾಸಾಬ ಬಂದು, ಬಿಡಿಭಾಗಕ್ಕೆ ಕಾಯುತ್ತ ಅಲ್ಲೇ ಕೂರುತ್ತಿದ್ದ. ಹೆಂಡತಿ ಸತ್ತ ಮೇಲೆ ವಿರುಪಣ್ಣ ಬಾಯಿ ತುಂಬ ಮಾತಾಡಿದ್ದು ಆ ದಿನಗಳಲ್ಲಷ್ಟೇ.

ಈಗ ಐದು ಕಂಪನಿಗಳು ಪೈಪೋಟಿಗೆ ಬಿದ್ದಿವೆ. ಲೇತ್ ನಿಲ್ಲುವುದೇ ಅಪರೂಪ. ಕಾರ್ಖಾನೆಯ ಉತ್ಪಾದನೆ ದುಪ್ಪಟ್ಟಾಗಿದೆ, ಮಾಲೀಕರು ಹಿಗ್ಗಿದ್ದಾರೆ.

ಸೋಮವಾರ ಲೇತ್ ನಿಂತಿತು. ಫೋನ್ ಮಾಡಿದ ಅರ್ಧ ತಾಸಿಗೆ ಮೌಲಾಸಾಬ ಹೊಸ ಕಂಪನಿಯ ಅಂಗಿ ತೊಟ್ಟು ಬಂದ.

“ಇಬ್ಬರಿಗಾಗೂವಷ್ಟು ರೊಟ್ಟಿ ತಂದೀನಿ. ಕೂಡೋ ಮೌಲಾ.”

“ಇಪ್ಪತ್ತು ನಿಮಿಷದಾಗ ಮುಗಸಬೇಕು ವಿರುಪಣ್ಣ. ಮೊಬೈಲ್‌ನಾಗ ಟೈಮ್ ಓಡಾಕತ್ತೇತಿ.”

ನಟ್ಟು ಬಿಚ್ಚುವ ಪಾನಾ ಹಿಡಿದು ಲೇತಿನ ಅಡಿಗೆ ಬಗ್ಗಿದವನು ತಲೆಯೆತ್ತಿದ. “ಈ ನಟ್ಟು ತಾನಾಗೇ ಸಡ್ಲ ಆಗೂದಲ್ಲ.”

ವಿರುಪಣ್ಣ ಗೋಡೆ ನೋಡಿದ.

ಕೆಲಸ ಮುಗಿಸಿದ ಮೌಲಾಸಾಬ ಅವನ ಮುಖ ನೋಡದೆ, “ಇನ್ನ ಮ್ಯಾಲ ನೀ ಪಾನಾ ಮುಟ್ಟಬ್ಯಾಡ,” ಎಂದು ಹೊರಟೇಹೋದ.

ಗಂಟಿನಲ್ಲಿ ರೊಟ್ಟಿ ಹಾಗೇ ಇತ್ತು. ವಿರುಪಣ್ಣ ಮನಸ್ಸು ತಡೆಯದೆ, ಮುಂದಿನ ಸೋಮವಾರಕ್ಕೆಂದು ನಟ್ಟು ಸಡಿಲಿಸಲು ಪಾನಾ ತೆಗೆದುಕೊಂಡು ಬಗ್ಗಿದ.

ಮೌಲಾಸಾಬ ಆ ನಟ್ಟನ್ನು ತಾನಾಗೇ ಸಡಿಲಾಗುವಂತೆ ಅರ್ಧವಷ್ಟೇ ಬಿಗಿದಿದ್ದ.