ಮರಳಿನ ಉಂಗುರ

“ಮರಳು ಕೊಟ್ಟು ಮರುಳು ಮಾಡೋಕೆ ನೋಡ್ತೀರಾ?”

ವರನ ಕಡೆಯ ಹೆಂಗಸು ಉಂಗುರದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ವಧುವಿನ ಕಡೆಯಿಂದ ಮಾತಿಗೆ ಕೂತಿದ್ದ ಹರಳು ಉಜ್ಜುವವನು ಡಬ್ಬಿ ತೆರೆದು ನೋಡಿದ. ಆ ನೇರಳೆ ಅಮೆಥಿಸ್ಟ್ ಹರಳಿಗೆ ಹನ್ನೊಂದು ದಿನ ಸಾಣೆ ಹಿಡಿದವನು ಅವನೇ. ಮದುವೆಯ ನೋಂದಣಿಗೆ ಉಳಿದಿದ್ದುದು ಎರಡೇ ದಿನ. ಒಳಕೋಣೆಯ ಬಾಗಿಲ ಸಂದಿಯಲ್ಲಿ ವಧು ಕಿವಿಗೊಟ್ಟು ನಿಂತಿದ್ದಳು. ವರ ಸೋಫಾದ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ.

“ಏನಾಯ್ತು ಹೇಳಿ,” ಎಂದ ಹರಳು ಉಜ್ಜುವವನು.

“ಈ ಹರಳನ್ನ ನಮ್ಮ ಸಿಮೆಂಟ್ ಫ್ಯಾಕ್ಟರಿ ಲ್ಯಾಬಿನ ಮಿಷನ್ನಿಗೆ ಹಾಕಿ ನೋಡಿದೆ. ಬರೀ ಸಿಲಿಕಾನ್! ನಮ್ಮ ಅಂಗಳದಲ್ಲಿ ರಾಶಿ ಬಿದ್ದಿರೋ ಮರಳಲ್ಲೂ ಅದೇ ಇರೋದು. ಈ ವಯಸ್ಸಲ್ಲಿ ಪ್ರೀತಿ ಅಂದ್ರೆ ಕಣ್ಣೇ ಕಾಣಲ್ಲ ಅಂತ ಆಗಲೇ ಬಡ್ಕೊಂಡೆ. ಈ ಮದುವೆ ಬೇಡ!”

ಒಳಗೆ ಬಿಕ್ಕಿದ ಸದ್ದು. ಹರಳು ಉಜ್ಜುವವನಿಗೆ ಮಾತ್ರ ನಗು ತಡೆಯಲಾಗಲಿಲ್ಲ.

“ಸಿಲಿಕಾನ್ ಇಲ್ದಿದ್ರೆ ನಾನು ಕಳ್ಳ ಆಗ್ತಿದ್ದೆ, ತಾಯಿ! ಸಿಲಿಕಾನೂ ಆಮ್ಲಜನಕವೂ ಕೈ ಹಿಡಿದ್ರೆ ಸ್ಫಟಿಕ. ಮರಳೂ ಅದರ ಪುಡಿಯೇ. ಆ ಸ್ಫಟಿಕದೊಳಗೆ ಚಿಟಿಕೆ ಕಬ್ಬಿಣ ಸೇರಿ, ಭೂಮಿಯೊಳಗೆ ಯುಗಗಟ್ಟಲೆ ಕಾದು ಕೂತ್ರೆ ಈ ನೇರಳೆ. ನಿಮ್ಮ ವರದಿಯ ಕೊನೇ ಸಾಲು ಓದಿ.”

ಅವಳು ಕಾಗದ ಬಿಡಿಸಿದಳು. “ಕಬ್ಬಿಣ... ಒಂಚೂರು.” ಆದರೂ ಪಟ್ಟು ಬಿಡಲಿಲ್ಲ. “ಗಾಜಲ್ಲೂ ಸಿಲಿಕಾನ್ ಇರುತ್ತಲ್ಲ?”

“ಮಾಮೂಲಿ ಗಾಜಾದ್ರೆ ಸುಣ್ಣದ ಅಂಶ ತೋರಿಸ್ಬೇಕಿತ್ತು. ಇದೆಯಾ?”

ಇರಲಿಲ್ಲ. ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಹುಳ್ಳಗಾಯಿತು, ಕೊನೆಗೆ ಫಕ್ಕನೆ ನಗು ಒಡೆಯಿತು. “ತಪ್ಪಾಯ್ತು, ಅಣ್ಣಾ. ಇವರು ಮೋಸ ಹೋಗ್ಬಿಡ್ತಾರೇನೋ ಅಂತ ಹೆದರಿಕೆ ನನಗೆ. ಆಗಲಿ, ಇನ್ನೊಂದು ವರ್ಷ ಕಾದು ನೋಡಿ—”

“ಕಾದಿದ್ದು ಸಾಕು!” ವರ ಮೊದಲ ಬಾರಿಗೆ ಬಾಯಿಬಿಟ್ಟ.

ಬಾಗಿಲು ದಡಾರನೆ ತೆರೆಯಿತು. ವಧು ಓಡಿಬಂದಳು. ವರ ಕುಣಿಯುತ್ತಲೇ ಎದುರು ಹೋಗಿ, ಮಧ್ಯದಲ್ಲಿದ್ದ ಕುರ್ಚಿಯನ್ನೇ ತಬ್ಬಿಕೊಂಡ.

“ಅಪ್ಪಾ, ಕನ್ನಡಕ!” ಎಂದು ವರದಿ ಹಿಡಿದಿದ್ದ ಹೆಂಗಸು ಚೀರಿದಳು. “ಅಮ್ಮಾ, ಮಂಡಿ ಆಪರೇಷನ್ ಆಗಿ ಇನ್ನೂ ಮೂರೇ ತಿಂಗಳು!” ಎಂದು ಹರಳು ಉಜ್ಜುವವನು ಓಡಿದ.