ಹೆಬ್ಬೆರಳಿನ ಬರಹ

“ನಿಲ್ಲಿಸಿ ಯಜಮಾನ್ರೇ. ಇದು ಮೋಸ.”

ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ, ಮಂಚದ ಮೇಲೆ ಕಾಲು ಚಾಚಿ ಹೆಬ್ಬೆರಳಿನಿಂದ ಗಾಳಿಯಲ್ಲಿ ‘ಈ’ ಬರೆಯುತ್ತಿದ್ದ ಪೇಂಟರ್ ಕಾಲನ್ನು ಅರ್ಧಕ್ಕೇ ನಿಲ್ಲಿಸಿದರು. ಪಕ್ಕದಲ್ಲಿ ಮಗಳು ಅವರ ಊರುಗೋಲು ಹಿಡಿದು ನಿಂತಿದ್ದಳು.

“ಮೋಸ ಎಲ್ಲಿಂದ ಬಂತು ಡಾಕ್ಟರಮ್ಮ? ಅಕ್ಷರ ನೋಡಿ, ಅಚ್ಚು ಹಾಕಿದ ಹಾಗಿದೆ.”

“ಅದೇ ತೊಂದರೆ. ಬರೀತಿರೋದು ನಿಮ್ಮ ಮಂಡಿ, ನಿಮ್ಮ ಸೊಂಟ. ಪಾದದ ಗಿಣ್ಣು ಮಾತ್ರ ಸುಮ್ಮನೆ ಕೂತು ತಮಾಷೆ ನೋಡ್ತಿದೆ.”

ಏಣಿಯಿಂದ ಬಿದ್ದು ಮುರಿದಿದ್ದ ಗಿಣ್ಣದು. ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರಮ್ಮನೇ ಹೇಳಿಕೊಟ್ಟಿದ್ದಳು: ಹೆಬ್ಬೆರಳನ್ನು ಕುಂಚ ಅಂದುಕೊಂಡು ದಿನವೂ ಅಕ್ಷರಮಾಲೆ ಬರೆಯಿರಿ, ಬಿಗಿದುಕೊಂಡ ಕೀಲು ಎಲ್ಲ ಕಡೆಗೂ ತಿರುಗಲಿ. ಪೇಟೆಯ ಅರ್ಧ ಅಂಗಡಿಗಳ ಬೋರ್ಡು ಬರೆದ ಮನುಷ್ಯನಿಗೆ ಇದೇನು ಮಹಾ ಎಂದುಕೊಂಡಿದ್ದಳು ಮಗಳು. ದಿನವೂ ಅಪ್ಪನ ಕಾಲ ಬುಡದಲ್ಲಿ ಕುಳಿತು, ನೋವಾಗುತ್ತಿದೆಯೇ ಎಂದು ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಒಮ್ಮೆಯೂ ಮುಖ ಕಿವುಚಿರಲಿಲ್ಲ. ಪಾದ ಮರದ ತುಂಡಿನಂತೆ ಕಾಲಿಗೆ ಅಂಟಿಕೊಂಡೇ ಓಡಾಡುತ್ತಿದ್ದುದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

“ಪಾದ ಹೀಗೇ ಬಿಗಿದುಕೊಂಡಿದ್ರೆ ಏಣಿ ಮರೆತುಬಿಡಿ,” ಎಂದಳು ಡಾಕ್ಟರಮ್ಮ.

ಪೇಟೆಯ ತಿರುವಿನಲ್ಲಿ ಪೇಂಟರ್ ಬರೆಯುತ್ತಿದ್ದ ಹೊಸ ಬೇಕರಿಯ ಬೋರ್ಡು ಎರಡೇ ಅಕ್ಷರಕ್ಕೆ ನಿಂತಿತ್ತು. ಬೇಕರಿಯವನು ಬೆಳಿಗ್ಗೆ ತಾನೇ ಫೋನ್ ಮಾಡಿದ್ದ. ಇನ್ನೊಂದು ವಾರ ನೋಡ್ತೀನಿ ಅಣ್ಣ, ಆಮೇಲೆ ಅದರ ಮೇಲೇ ಫ್ಲೆಕ್ಸ್ ಹೊಡೆಸಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ ಎಂದಿದ್ದ.

ಡಾಕ್ಟರಮ್ಮ ಮಂಡಿಯ ಕೆಳಗೆ ಎರಡೂ ಕೈಯಿಂದ ಒತ್ತಿ ಹಿಡಿದಳು. “ಈಗ ಬರೀರಿ.”

ಹೆಬ್ಬೆರಳು ನಡುಗಿತು. ದುಂಡಗೆ ತಿರುಗಬೇಕಾದ ಕಡೆ ತಡವರಿಸಿತು, ಮೇಲೇಳಬೇಕಾದ ಕಡೆ ಜೋತುಬಿತ್ತು. ಪೇಂಟರ್ ಮುಖ ಕೆಂಪಾಯಿತು. ಕೈ ಎತ್ತಿ ಗಾಳಿಯನ್ನು ಒರೆಸಿಬಿಟ್ಟರು, ಬಟ್ಟೆಯಿಂದ ಬಣ್ಣ ಒರೆಸುವ ಹಾಗೆ.

“ಥೂ, ಕಾಗೆ ಕಾಲು ಗುಬ್ಬಿ ಕಾಲು! ನನ್ನ ಹತ್ರ ಕಲಿಯೋಕೆ ಬಂದವರು ಹೀಗೆ ಬರೆದಿದ್ರೆ ಕುಂಚ ಕಿತ್ಕೊಂಡು ಮನೆಗೆ ಕಳಿಸ್ತಿದ್ದೆ.”

“ಸದ್ಯಕ್ಕೆ ಕೆಟ್ಟದಾಗಿ ಬರೆದ್ರೇನೇ ನಿಮ್ಮ ಕಾಲು ನೆಟ್ಟಗಾಗೋದು.”

“ಅಂಥ ಕಾಲು ನನಗೆ ಬೇಡ. ನಡಿಯಮ್ಮ, ಮನೆಗೆ ಹೋಗೋಣ.” ಅವರು ಊರುಗೋಲಿಗೆ ಕೈ ಚಾಚಿದರು.

ಮಗಳು ಕೊಡಲಿಲ್ಲ. ಅಪ್ಪ ಬಿದ್ದ ಸದ್ದು ಇನ್ನೂ ಅವಳ ಕಿವಿಯಲ್ಲಿತ್ತು. ಬಹಳ ದಿನದಿಂದ ತಡೆದಿಟ್ಟಿದ್ದ ಮಾತು ಹೊರಗೆ ಬಂದೇಬಿಟ್ಟಿತು.

“ಅಪ್ಪ, ಏಣಿ ಹತ್ತಲೇಬೇಕು ಅಂತೇನಿಲ್ವಲ್ಲ. ಮನೇಲೇ ಕೂತು ಬರಿ. ಚಿಕ್ಕ ಚಿಕ್ಕ ಬೋರ್ಡು, ಇಲ್ಲಾಂದ್ರೆ ಗಾಡಿಗಳ ನಂಬರ್ ಪ್ಲೇಟು...”

“ನಂಬರ್ ಪ್ಲೇಟಾ?”

ಡಾಕ್ಟರಮ್ಮ ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು. ಪೇಂಟರ್ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಂತರ ಮೆಲ್ಲಗೆ ಕಾಲನ್ನು ಮತ್ತೆ ಮಂಚದ ಮೇಲೆ ಚಾಚಿದರು.

“ನೀನೇ ಹಿಡ್ಕೋ. ಡಾಕ್ಟರಮ್ಮ ಪಾಪ ಅಂತ ಸಡಿಲ ಬಿಟ್ಟುಬಿಡ್ತಾರೆ. ನೀನು ಬಿಡಲ್ಲ.”

ಈ ಕಾಲು ಸರಿಹೋದರೆ ಎಲ್ಲಿಗೆ ಹತ್ತುತ್ತದೆ ಎಂಬುದು ಮಗಳಿಗೆ ಗೊತ್ತಿತ್ತು. ಊರುಗೋಲನ್ನು ಗೋಡೆಗೆ ಒರಗಿಸಿ ಬಂದು, ಮಂಡಿಯ ಕೆಳಗೆ ಗಟ್ಟಿಯಾಗಿ ಹಿಡಿದಳು. ಅಪ್ಪ ಮೊದಲಿನಿಂದ ಶುರು ಮಾಡಿದರು. ಚರ್ಮದಡಿ ನರವೊಂದು ಹಗ್ಗದಂತೆ ಬಿಗಿಯುವುದು, ಸಡಿಲವಾಗುವುದು, ಮತ್ತೆ ಬಿಗಿಯುವುದು ಅವಳ ಅಂಗೈಗೆ ತಿಳಿಯುತ್ತಿತ್ತು. ಈ ಸಲ ಅಪ್ಪ ಮುಖ ಕಿವುಚಿದರು. ಅವಳು ಕೈ ಸಡಿಲಿಸಲಿಲ್ಲ.

“ನಾನೇನು ಬರೆದೆ ಹೇಳು.”

“‘ಅ’ ಥರ ಕಾಣುತ್ತೆ.”

“ಥರ?”

“‘ಅ’ನೇ ಅಪ್ಪ. ಸೊಟ್ಟಗಿದೆ, ಆದ್ರೆ ‘ಅ’ನೇ.”

“ಪಾದ ಬಾಗ್ತು, ಯಜಮಾನ್ರೇ,” ಎಂದಳು ಡಾಕ್ಟರಮ್ಮ. “ಸಾಕು, ಇವತ್ತಿಗೆ ಇಳಿಸಿ.”

ಪೇಂಟರ್ ಇಳಿಸಲಿಲ್ಲ. ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು. ಹೆಬ್ಬೆರಳು ಬಲಗಡೆಗೆ, ಕೆಳಗೆ ಸರಿದು, ಅಲ್ಲೇ ಪುಟ್ಟದಾಗಿ ಮಿಸುಕಾಡುತ್ತಿತ್ತು.

“ಇನ್ನೂ ಏನಪ್ಪ ಅದು?”

“ಹೆಸರು,” ಎಂದರು ಅವರು, ಉಸಿರು ಬಿಗಿಹಿಡಿದು. “ಬರೆದವನು ಮೂಲೇಲಿ ಹೆಸರು ಹಾಕ್ಬೇಡ್ವಾ?”