ಸೀಸದ ಕಾಯಿ

ಇಂಗ್ಲೆಂಡಿನ ನದಿಯಂಚಿನ ತನ್ನ ಹೊಲದಲ್ಲಿ ಹನ್ನೊಂದು ವರ್ಷದಿಂದ ಅವನು ಮೆಟಲ್ ಡಿಟೆಕ್ಟರ್ ಹಿಡಿದು ಹಳೇ ಕಾಲದ ನಿಧಿ ಹುಡುಕುತ್ತ ಸುತ್ತುತ್ತಿದ್ದ. ಯಂತ್ರ ಕೂಗಿದಲ್ಲೆಲ್ಲ ಮೊಣಕಾಲೂರಿ ಅಗೆದರೆ ಬಾಟಲಿ ಮುಚ್ಚಳ, ತುಕ್ಕು ಮೊಳೆ, ಬರೀ ಹಾಳುಮೂಳು. ಸಾಕಾಗಿಹೋಗಿತ್ತು. ಮೊನ್ನೆ ಸಿಕ್ಕ, ಪುಟ್ಟ ಟೋಪಿಯಂಥ ಸೀಸದ ತುಂಡನ್ನೂ ಬಕೆಟ್ಟಿಗೆ ಎಸೆಯುವವನಿದ್ದ.

"ಇದೊಂದನ್ನಾದ್ರೂ ಮ್ಯೂಸಿಯಮ್ಮಿಗೆ ತೋರಿಸು," ಎಂದಳು ಹೆಂಡತಿ.

"ನೋಡಿ ನಗ್ತಾರೆ, ಅಷ್ಟೇ," ಎಂದು ಗೊಣಗುತ್ತಲೇ ಹೋದ.

ಅಲ್ಲಿನ ಅಧಿಕಾರಿಣಿ ನಗಲಿಲ್ಲ. ಭೂತಗನ್ನಡಿ ಹಿಡಿದು ನೋಡಿದವಳ ಕಣ್ಣರಳಿತು.

"ಇದು ಸಮುದ್ರ ದಾಟಿ ದಂಡೆತ್ತಿ ಬಂದಿದ್ದ ವೈಕಿಂಗ್ ಸೈನಿಕರು ಮಣೆ ಮೇಲೆ ಆಡ್ತಿದ್ದ ಆಟದ ಕಾಯಿ. ಸಾವಿರದ ನೂರು ವರ್ಷ ಹಳೇದು!"

ಅವನು ಕುರ್ಚಿಯಿಂದ ಎದ್ದೇಬಿಟ್ಟ. "ಹಾಗಾದ್ರೆ ಅವರ ಸೈನ್ಯ ನಮ್ಮ ಹೊಲದಲ್ಲಿ ಬೀಡು ಬಿಟ್ಟಿತ್ತಾ?"

"ಒಂದೇ ಕಾಯಿ ನೋಡಿ ಹಾಗೆ ಹೇಳೋಕಾಗಲ್ಲ. ಯಾರೋ ದಾರಿಹೋಕ ಬೀಳಿಸಿರಬಹುದು. ಅಲ್ಲೇ ಇನ್ನೊಂದು ಹತ್ತು ಸಿಕ್ಕಿದ್ರೆ ಚರಿತ್ರೆ ಪುಸ್ತಕದಲ್ಲಿ ನಿಮ್ಮ ಹೆಸರು ಬರುತ್ತೆ. ಇಂಥವು ಮೊದಲು ಯಾವತ್ತೂ ಸಿಕ್ಕಿಲ್ವಾ?"

ಅವನು ಮೆಲ್ಲಗೆ ಮತ್ತೆ ಕುರ್ಚಿಯಲ್ಲಿ ಕುಸಿದ.

"ಸಿಕ್ಕಿದ್ವು, ಒಂದು ಬಕೆಟ್ ತುಂಬ," ಎಂದ. "ಎಲ್ಲಾನೂ ಕರಗಿಸಿ ಮೀನಿನ ಗಾಳಕ್ಕೆ ಭಾರದ ಗುಂಡು ಮಾಡ್ಕೊಂಡೆ."